ಕೆಲವೇ ಕ್ಷಣಗಳ ನೆನಪು: ಸಂವೇದನಾ, ಅಲ್ಪಕಾಲಿಕ ಮತ್ತು ಕಾರ್ಯಕಾರಿ ಸ್ಮೃತಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೊಬೈಲಿಗೆ ಬಂದ ಆರು ಅಂಕಿಗಳ ಓಟಿಪಿಯನ್ನು ನೋಡುತ್ತೇವೆ, ಇನ್ನೊಂದು ಪರದೆಗೆ ಹೋಗಿ ನಮೂದಿಸುತ್ತೇವೆ, ಮರುಕ್ಷಣವೇ ಮರೆಯುತ್ತೇವೆ. ಅರ್ಧ ನಿಮಿಷವೂ ಹಿಡಿಯದ ಇಂಥ ಕೆಲಸದ ಹಿಂದೆ ಮನೋವಿಜ್ಞಾನಿಗಳು ಮೂರು ಬಗೆಯ ನೆನಪುಗಳನ್ನು ಗುರುತಿಸುತ್ತಾರೆ: ಸಂವೇದನಾ ಸ್ಮೃತಿ, ಅಲ್ಪಕಾಲಿಕ ಸ್ಮೃತಿ ಮತ್ತು ಕಾರ್ಯಕಾರಿ ಸ್ಮೃತಿ. ವಿದ್ಯಾರ್ಥಿಗಳು, ಶಿಕ್ಷಕರು, ತಮ್ಮ ಮರೆವಿನಿಂದ ಕಂಗೆಟ್ಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಮರೆವು ಎಂದು ನಾವು ದೂರುವ ಬಹಳಷ್ಟು ಸಂದರ್ಭಗಳಲ್ಲಿ ಎಡವಿರುವುದು ಗಮನ. ಉತ್ತರಗಳಲ್ಲಿ ಈ ಮಾತು ಹಲವು ಬಾರಿ ಎದುರಾಗುತ್ತದೆ.

ನಿನ್ನೆ ನಡೆದದ್ದು ಇಂದು ನೆನಪಾಗುವುದಿಲ್ಲ. ನನ್ನ ಅಲ್ಪಕಾಲಿಕ ಸ್ಮೃತಿ ಹಾಳಾಗಿದೆಯೇ?

ಇದು ಅತಿ ಹೆಚ್ಚು ಬಾರಿ ಕೇಳಿಬರುವ ಪ್ರಶ್ನೆ. ಮನೋವಿಜ್ಞಾನದಲ್ಲಿ ಅಲ್ಪಕಾಲಿಕ ಎಂದರೆ ಕೆಲವೇ ಸೆಕೆಂಡುಗಳು. ನಿನ್ನೆಯ ಘಟನೆಯಿರಲಿ, ಒಂದು ಗಂಟೆಯ ಹಿಂದಿನ ಮಾತೂ ದೀರ್ಘಕಾಲಿಕ ಸ್ಮೃತಿಗೇ ಸೇರಿದ್ದು. ದಿನಬಳಕೆಯ ಮಾತಿನಲ್ಲಿ ಇತ್ತೀಚಿನದು ಎಂಬ ಅರ್ಥದಲ್ಲಿ ಅಲ್ಪಕಾಲಿಕ ಎನ್ನುತ್ತೇವಾದ್ದರಿಂದ ಈ ಗೊಂದಲ ಹುಟ್ಟಿಕೊಂಡಿದೆ.

ಇವೆರಡರ ವ್ಯತ್ಯಾಸವನ್ನು ಎಚ್.ಎಂ. ಎಂದು ಹೆಸರಾದ ಹೆನ್ರಿ ಮೊಲೈಸನ್ ಅವರ ಪ್ರಕರಣದಷ್ಟು ಚೆನ್ನಾಗಿ ತೋರಿಸುವುದು ಮತ್ತೊಂದಿಲ್ಲ. ತೀವ್ರ ಮೂರ್ಛೆರೋಗದ ಚಿಕಿತ್ಸೆಗಾಗಿ 1953ರಲ್ಲಿ ಅವರ ಮಿದುಳಿನ ಎರಡೂ ಬದಿಗಳಿಂದ ಹಿಪೊಕ್ಯಾಂಪಸ್‌ನ ಬಹುಭಾಗವನ್ನೂ ಅದರ ಸುತ್ತಲಿನ ಕೆಲವು ಭಾಗಗಳನ್ನೂ ತೆಗೆಯಲಾಯಿತು. ಆಮೇಲೆ ಹೊಸ ಘಟನೆ ಯಾವುದೂ ಅವರಲ್ಲಿ ನೆಲೆಗೊಳ್ಳಲಿಲ್ಲ. ಆಗಷ್ಟೇ ಮಾತನಾಡಿಸಿ ಹೊರಗೆ ಹೋಗಿ ಬಂದವರು ಮತ್ತೆ ಅಪರಿಚಿತರೇ. ಆದರೆ ಕೆಲವು ಅಂಕಿಗಳನ್ನು ಹೇಳಿ ತಕ್ಷಣ ಒಪ್ಪಿಸಲು ಕೇಳಿದರೆ ಎಲ್ಲರಂತೆಯೇ ಒಪ್ಪಿಸುತ್ತಿದ್ದರು. ಅಂದರೆ ಅಲ್ಪಕಾಲಿಕ ಸ್ಮೃತಿ ಸುಸ್ಥಿತಿಯಲ್ಲಿತ್ತು, ಅಲ್ಲಿದ್ದದ್ದು ದೀರ್ಘಕಾಲಕ್ಕೆ ಉಳಿಯುವ ದಾರಿ ಕಡಿದುಹೋಗಿತ್ತು.

ನಿನ್ನೆ ಮೊನ್ನೆಯ ಸಂಗತಿಗಳು ಮರೆತುಹೋಗಿ ದಿನನಿತ್ಯದ ಬದುಕಿಗೆ ತೊಡಕಾಗುತ್ತಿದ್ದರೆ ದಯವಿಟ್ಟು ವೈದ್ಯರನ್ನು ಕಾಣಿ. ಇಂಥ ಬರಹ ಓದಿ ಸ್ವತಃ ರೋಗನಿರ್ಣಯ ಮಾಡಿಕೊಳ್ಳಬೇಡಿ.

ಮೂರು ಹಂತಗಳ ಈ ಚಿತ್ರ ಎಲ್ಲಿಂದ ಬಂತು?

ಈ ಕ್ಷಣ ಮನಸ್ಸಿನಲ್ಲಿರುವುದನ್ನು ಪ್ರಾಥಮಿಕ ಸ್ಮೃತಿ ಎಂದು ವಿಲಿಯಂ ಜೇಮ್ಸ್ 1890ರಲ್ಲೇ ಬೇರ್ಪಡಿಸಿ ಹೇಳಿದ್ದರು. ಪಠ್ಯಪುಸ್ತಕಗಳಲ್ಲಿ ಕಾಣುವ ಪೆಟ್ಟಿಗೆ ಮತ್ತು ಬಾಣಗಳ ಚಿತ್ರದ ಮೂಲ ರಿಚರ್ಡ್ ಅಟ್ಕಿನ್ಸನ್ ಮತ್ತು ರಿಚರ್ಡ್ ಶಿಫ್ರಿನ್ 1968ರಲ್ಲಿ ಮಂಡಿಸಿದ ಮಾದರಿ. ಇಂದ್ರಿಯಗಳಿಗೆ ತಾಕಿದ್ದು ಮೊದಲು ಸಂವೇದನಾ ಸ್ಮೃತಿಯಲ್ಲಿ ತಂಗುತ್ತದೆ, ಗಮನ ಕೊಟ್ಟಷ್ಟು ಭಾಗ ಅಲ್ಪಕಾಲಿಕ ಸ್ಮೃತಿಗೆ ಬರುತ್ತದೆ, ಅಲ್ಲಿಂದ ಒಂದಿಷ್ಟು ದೀರ್ಘಕಾಲಿಕ ಸ್ಮೃತಿಗೆ ಸೇರುತ್ತದೆ. ಆ ಪೆಟ್ಟಿಗೆಗಳನ್ನು ಮಿದುಳಿನೊಳಗಿನ ಮೂರು ಜಾಗಗಳೆಂದು ಭಾವಿಸಬಾರದು. ಅವು ಕೆಲಸಗಳ ವಿಂಗಡಣೆ ಮಾತ್ರ.

ಕಣ್ಣಿನ ಮುಂದಿನಿಂದ ಮಾಯವಾದದ್ದು ಇನ್ನೂ ಉಳಿದಿರುತ್ತದೆ ಎಂದು ಸಾಬೀತುಮಾಡಿದ್ದು ಹೇಗೆ?

ಈ ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಯೋಗ ಇದೇ. ಜಾರ್ಜ್ ಸ್ಪರ್ಲಿಂಗ್ ಇದನ್ನು 1960ರಲ್ಲಿ ಪ್ರಕಟಿಸಿದರು.

ಒಂದು ಸಾಲಿಗೆ ನಾಲ್ಕರಂತೆ ಮೂರು ಸಾಲುಗಳಲ್ಲಿ ಹನ್ನೆರಡು ಅಕ್ಷರಗಳನ್ನು ಕೇವಲ 50 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಕಾಲ ತೋರಿಸಲಾಯಿತು. ಕಂಡದ್ದನ್ನೆಲ್ಲ ಹೇಳಿ ಎಂದಾಗ ಜನರು ನಾಲ್ಕೋ ಐದೋ ಅಕ್ಷರ ಹೇಳಿದರು. ಆದರೆ ಇನ್ನೂ ಹೆಚ್ಚು ಕಂಡಿದ್ದೆವು, ಹೇಳುತ್ತಿರುವಾಗಲೇ ಉಳಿದವು ಮಾಸಿಹೋದವು ಎಂದು ಪಟ್ಟುಹಿಡಿದರು. ಆ ಮಾತನ್ನು ಪರೀಕ್ಷೆಗೆ ಒಡ್ಡುವುದು ಹೇಗೆ? ಹೇಳಲು ತೊಡಗಿದ ಕೂಡಲೇ ಮಾಸಿಹೋಗುವುದನ್ನು ಹೇಳಿಸಿ ಅಳೆಯಲಾಗುವುದಿಲ್ಲ.

ಸ್ಪರ್ಲಿಂಗ್ ಕಂಡುಕೊಂಡ ಉಪಾಯ ಸರಳವಾಗಿತ್ತು. ಅಕ್ಷರಗಳು ಮಾಯವಾದ ಮೇಲೆ ಒಂದು ಸ್ವರ ಕೇಳಿಸಿದರು. ಏರು ಸ್ವರವಾದರೆ ಮೇಲಿನ ಸಾಲು, ನಡುಸ್ವರವಾದರೆ ನಡುವಿನ ಸಾಲು, ಇಳಿ ಸ್ವರವಾದರೆ ಕೆಳಗಿನ ಸಾಲು ಮಾತ್ರ ಹೇಳಬೇಕು. ಸ್ವರ ತಕ್ಷಣ ಕೇಳಿಸಿದಾಗ ಯಾವ ಸಾಲಾದರೂ ಸುಮಾರು ಮೂರು ಅಕ್ಷರಗಳನ್ನು ಹೇಳಲು ಸಾಧ್ಯವಾಯಿತು. ಯಾವ ಸಾಲನ್ನು ಕೇಳುತ್ತಾರೆಂದು ಮೊದಲೇ ಗೊತ್ತಿರಲಿಲ್ಲವಾದ್ದರಿಂದ, ಆ ಕ್ಷಣದಲ್ಲಿ ಹನ್ನೆರಡರಲ್ಲಿ ಒಂಬತ್ತರಷ್ಟು ಅಕ್ಷರಗಳಾದರೂ ಲಭ್ಯವಿದ್ದಿರಬೇಕು. ಸ್ವರವನ್ನು ಒಂದು ಸೆಕೆಂಡು ತಡಮಾಡಿದರೆ ಈ ಅನುಕೂಲ ಬಹುತೇಕ ಇಲ್ಲವಾಗುತ್ತಿತ್ತು. ಜನರ ಮಾತು ನಿಜವಾಗಿತ್ತು.

ಇದರಲ್ಲೇ ಇನ್ನೊಂದು ಸೂಕ್ಷ್ಮವಿದೆ. ಅಕ್ಷರಗಳನ್ನೂ ಅಂಕಿಗಳನ್ನೂ ಬೆರೆಸಿ ತೋರಿಸಿ, ಸಾಲಿನ ಬದಲು ಅಕ್ಷರಗಳನ್ನು ಮಾತ್ರ ಅಥವಾ ಅಂಕಿಗಳನ್ನು ಮಾತ್ರ ಹೇಳಿ ಎಂದು ಸೂಚಿಸಿದಾಗ ಆ ಅನುಕೂಲ ಸಿಗಲಿಲ್ಲ. ಈ ಹಂತದಲ್ಲಿ ಇರುವುದು ಹಸಿ ಬಿಂಬ. ಇದು ಅಕ್ಷರ, ಇದು ಅಂಕಿ ಎಂಬ ಅರ್ಥ ಇನ್ನೂ ಅದಕ್ಕೆ ಕೂಡಿಲ್ಲ ಎಂಬ ವಿವರಣೆ ಬಂದದ್ದು ಇದರಿಂದಲೇ.

ಕಿವಿಗೂ ಇಂಥ ನೆನಪು ಇದೆಯೇ?

ಇದೆ, ಅದು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಇರುತ್ತದೆ. ಏನೋ ಓದುತ್ತಿರುವಾಗ ಯಾರೋ ಮಾತನಾಡಿಸುತ್ತಾರೆ, ‘ಏನಂದಿರಿ?’ ಎಂದು ಕೇಳುತ್ತೀರಿ, ಅವರು ಮತ್ತೆ ಹೇಳುವ ಮೊದಲೇ ಅವರು ಅಂದದ್ದು ನಿಮಗೆ ಹೊಳೆದಿರುತ್ತದೆ. ಗಮನ ತಡವಾಗಿ ತಿರುಗಿದರೂ ಧ್ವನಿ ಇನ್ನೂ ಅಲ್ಲೇ ಇತ್ತು. ಉಲ್ರಿಕ್ ನೈಸರ್ 1967ರಲ್ಲಿ ಕಣ್ಣಿನ ಈ ಗಳಿಗೆಯ ನೆನಪನ್ನು ಐಕಾನಿಕ್ ಎಂದೂ ಕಿವಿಯದನ್ನು ಎಕೋಯಿಕ್ ಎಂದೂ ಕರೆದರು. ಸ್ಪರ್ಲಿಂಗ್ ಮಾದರಿಯಲ್ಲೇ ಧ್ವನಿಗಳನ್ನು ಬಳಸಿ 1972ರಲ್ಲಿ ನಡೆದ ಪ್ರಯೋಗದಲ್ಲಿ ಕೇಳಿದ್ದರ ಉಳಿಕೆ ಕೆಲವು ಸೆಕೆಂಡುಗಳವರೆಗೆ ಸಿಕ್ಕಿತು. ಇದು ಯುಕ್ತವೂ ಹೌದು. ಚಿತ್ರ ಒಂದೇ ನೋಟಕ್ಕೆ ದಕ್ಕುತ್ತದೆ. ಮಾತು ಕಾಲದಲ್ಲಿ ಹರಿಯುವಂಥದ್ದು. ಮೊದಲ ಧ್ವನಿ ಅಳಿಯದೆ ಉಳಿದರೆ ಮಾತ್ರ ಕೊನೆಯ ಧ್ವನಿಯೊಡನೆ ಸೇರಿ ಪದವಾಗುತ್ತದೆ.

ಹಾಗಾದರೆ ಫೋಟೊ ತೆಗೆದಂತೆ ನೆನಪಿಡುವ ಶಕ್ತಿ ಎಲ್ಲರಿಗೂ ಇದೆಯೇ?

ಇಲ್ಲ. ಆ ಬಿಂಬ ಒಂದು ಸೆಕೆಂಡಿನೊಳಗೇ ಕರಗುತ್ತದೆ, ಮುಂದಿನ ದೃಶ್ಯ ಬಿದ್ದ ಕೂಡಲೇ ಅಳಿಸಿಹೋಗುತ್ತದೆ. ಅದನ್ನು ಹಿಗ್ಗಿಸಿ ಉಳಿಸಿಕೊಳ್ಳುವ ತರಬೇತಿ ಮಾರುವವರ ಮಾತನ್ನು ನಂಬಬೇಡಿ.

ಅಲ್ಪಕಾಲಿಕ ಸ್ಮೃತಿಯಲ್ಲಿ ಏಳು ವಿಷಯಗಳು ಹಿಡಿಯುತ್ತವೆ ಎನ್ನುವುದು ನಿಜವೇ?

ಅರ್ಧ ನಿಜ. ಏಳು, ಅದಕ್ಕೆ ಎರಡು ಹೆಚ್ಚು ಅಥವಾ ಎರಡು ಕಡಿಮೆ ಎಂಬ ಪ್ರಸಿದ್ಧ ಮಾತು ಜಾರ್ಜ್ ಮಿಲ್ಲರ್ ಅವರ 1956ರ ಲೇಖನದ್ದು. ಆ ಸಂಖ್ಯೆಯನ್ನು ಜಗತ್ತು ಗಟ್ಟಿಯಾಗಿ ಹಿಡಿದುಕೊಂಡಿತು, ಲೇಖನದ ಅದಕ್ಕಿಂತ ದೊಡ್ಡ ವಿಚಾರ ಹಿಂದೆ ಸರಿಯಿತು. ಮಿಲ್ಲರ್ ಒತ್ತಿಹೇಳಿದ್ದು ಇದನ್ನು: ಮಿತಿ ಇರುವುದು ಬಿಡಿ ಅಂಶಗಳಿಗಲ್ಲ, ಗುಚ್ಛಗಳಿಗೆ. ನಮಗೆ ಅರ್ಥಪೂರ್ಣವಾಗಿ ಒಂದಾಗಿ ಕಾಣುವುದೆಲ್ಲ ಒಂದು ಗುಚ್ಛ.

3 6 5 2 4 6 0 ಎಂದು ಬಿಡಿಯಾಗಿ ಓದಿದರೆ ಏಳು ಅಂಕಿಗಳು. ವರ್ಷದ 365 ದಿನ, ದಿನದ 24 ಗಂಟೆ, ಗಂಟೆಯ 60 ನಿಮಿಷ ಎಂದು ಓದಿದರೆ ಮೂರೇ ಗುಚ್ಛ, ಅಷ್ಟೂ ಸಲೀಸಾಗಿ ನಿಲ್ಲುತ್ತದೆ. ಇಲ್ಲಿ ಸ್ಮೃತಿಯ ಅಳತೆ ಬೆಳೆಯಲಿಲ್ಲ. ಈಗಾಗಲೇ ತಿಳಿದಿರುವುದು ಸಹಾಯಕ್ಕೆ ಬಂತು. ಚೆಸ್ ಆಟಗಾರರ ಮೇಲೆ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ನಿಜವಾದ ಆಟದ ನಡುವಿನ ಸ್ಥಿತಿಯನ್ನು ಐದು ಸೆಕೆಂಡು ತೋರಿಸಿದರೆ ಪಳಗಿದ ಆಟಗಾರರು ಹೊಸಬರಿಗಿಂತ ಬಹಳ ಹೆಚ್ಚು ಕಾಯಿಗಳನ್ನು ಸರಿಯಾಗಿ ಮರುಜೋಡಿಸುತ್ತಿದ್ದರು. ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ಆ ಮೇಲುಗೈ ಕಾಣಲಿಲ್ಲ.

ಗುಚ್ಛ ಕಟ್ಟಲು, ಒಳಗೊಳಗೇ ಪುನರುಚ್ಚರಿಸಲು ಅವಕಾಶ ಕೊಡದೆ ಅಳೆದರೆ ಎಷ್ಟು ಉಳಿಯುತ್ತದೆ? ನೆಲ್ಸನ್ ಕೊವನ್ 2001ರಲ್ಲಿ ಹಲವು ಅಧ್ಯಯನಗಳನ್ನು ಪರಿಶೀಲಿಸಿ ಸುಮಾರು ನಾಲ್ಕು ಎಂದರು. ಬಣ್ಣದ ಚೌಕಗಳನ್ನು ಬಳಸಿ ಸ್ಟೀವನ್ ಲಕ್ ಮತ್ತು ಎಡ್ವರ್ಡ್ ವೋಗೆಲ್ 1997ರಲ್ಲಿ ನಡೆಸಿದ ದೃಶ್ಯ ಪ್ರಯೋಗಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ಬಂದಿತ್ತು. ಏಳಕ್ಕಿಂತ ನಾಲ್ಕು ಹೆಚ್ಚು ನಂಬಲರ್ಹ ಎಂಬುದು ನನ್ನ ಅಭಿಪ್ರಾಯ.

ಎಷ್ಟು ಹೊತ್ತು ಇರುತ್ತದೆ, ಮತ್ತು ಏಕೆ ಹೋಗುತ್ತದೆ?

ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದರೆ ಬೇಕಾದಷ್ಟು ಹೊತ್ತು ಇರುತ್ತದೆ. ಅದನ್ನು ತಡೆದರೆ ಏನಾಗುತ್ತದೆ ಎಂದು ಲಾಯ್ಡ್ ಮತ್ತು ಮಾರ್ಗರೆಟ್ ಪೀಟರ್ಸನ್ 1959ರಲ್ಲಿ ಪರೀಕ್ಷಿಸಿದರು. ಅರ್ಥವಿಲ್ಲದ ಮೂರು ವ್ಯಂಜನಗಳನ್ನು ಕೊಟ್ಟು, ಕೂಡಲೇ ಒಂದು ಸಂಖ್ಯೆಯಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಲು ಹೇಳಿದರು. ಹದಿನೆಂಟು ಸೆಕೆಂಡು ಕಳೆಯುವಷ್ಟರಲ್ಲಿ ಸರಿಯುತ್ತರಗಳು ಶೇ. 10ರ ಆಸುಪಾಸಿಗೆ ಕುಸಿದಿದ್ದವು. ಮೂರೇ ಅಕ್ಷರಗಳು!

ಕಾಲ ಕಳೆದಂತೆ ನೆನಪು ತಾನಾಗಿ ಸವೆಯುತ್ತದೆ ಎಂದು ಇದರಿಂದ ಅನೇಕರು ತೀರ್ಮಾನಿಸಿದರು. ಆದರೆ 1962ರಲ್ಲಿ ಜೆಫ್ರಿ ಕೆಪೆಲ್ ಮತ್ತು ಬೆಂಟನ್ ಅಂಡರ್‌ವುಡ್ ಮೊಟ್ಟಮೊದಲ ಸರದಿಯನ್ನು ಮಾತ್ರ ಬೇರ್ಪಡಿಸಿ ನೋಡಿದರು. ಅದರಲ್ಲಿ ಮರೆವು ಇಲ್ಲವೆನ್ನುವಷ್ಟು ಕಡಿಮೆ. ಸರದಿಗಳು ಹೆಚ್ಚಿದಂತೆ ಹಿಂದಿನ ಅಕ್ಷರಗಳು ಹೊಸವುಗಳ ಮೇಲೆ ಬಂದು ಬೀಳತೊಡಗಿದಾಗಲೇ ಮರೆವು ಬೆಳೆಯಿತು. ಪಠ್ಯಪುಸ್ತಕಗಳು ಪೀಟರ್ಸನ್ ಪ್ರಯೋಗವನ್ನು ಹೇಳಿ ಇದನ್ನು ಬಿಟ್ಟುಬಿಡುವುದು ನನಗೆ ಸರಿಕಾಣುವುದಿಲ್ಲ. ಮೂವತ್ತು ಸೆಕೆಂಡಿಗೆ ಅಳಿಯುತ್ತದೆ ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ, ಅಳಿಸುವುದು ಗಡಿಯಾರಕ್ಕಿಂತ ಹೆಚ್ಚಾಗಿ ಒಂದನ್ನೊಂದು ಹೋಲುವ ಸಂಗತಿಗಳ ನಡುವಿನ ತಿಕ್ಕಾಟ ಎಂಬುದು ತಿಳಿಯದೆ ಹೋಗುತ್ತದೆ. ಸವೆತದ ಪಾಲು ಇದೆಯೇ ಇಲ್ಲವೇ ಎಂಬ ವಾದ ಇನ್ನೂ ಮುಗಿದಿಲ್ಲ.

ಕಣ್ಣಿನಿಂದ ಓದಿದ ಅಂಕಿಗಳನ್ನೂ ಮನಸ್ಸಿನಲ್ಲಿ ಉಚ್ಚರಿಸಿಕೊಳ್ಳುವುದೇಕೆ?

ಏಕೆಂದರೆ ನಾವು ಅವನ್ನು ಧ್ವನಿಯಾಗಿಯೇ ಹಿಡಿದಿಡುತ್ತೇವೆ. ಆರ್. ಕಾನ್ರಾಡ್ 1964ರಲ್ಲಿ ತೋರಿಸಿದಂತೆ, ಪರದೆಯ ಮೇಲೆ ನೋಡಿದ ಇಂಗ್ಲಿಷ್ ಅಕ್ಷರಗಳನ್ನು ನೆನಪಿಸಿಕೊಳ್ಳುವಾಗಲೂ ಜನರು ಬಿ ಬದಲು ವಿ ಎಂದು ತಪ್ಪುತ್ತಾರೆ. ಆ ಎರಡು ಅಕ್ಷರಗಳು ಆಕಾರದಲ್ಲಿ ಬೇರೆ ಬೇರೆ, ಉಚ್ಚಾರದಲ್ಲಿ ಮಾತ್ರ ಹತ್ತಿರ.

ಉಚ್ಚಾರಕ್ಕೆ ಹಿಡಿಯುವ ಸಮಯವೂ ಮುಖ್ಯ. ಸುಮಾರು ಎರಡು ಸೆಕೆಂಡಿನಲ್ಲಿ ಹೇಳಿ ಮುಗಿಸಬಹುದಾದಷ್ಟು ಪದಗಳು ನೆನಪಿನಲ್ಲಿ ನಿಲ್ಲುತ್ತವೆ ಎಂದು ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು 1975ರಲ್ಲಿ ವರದಿಮಾಡಿದರು. ಮನೆ, ಮರ, ನದಿ, ಹೂ ಎಂಬ ಪಟ್ಟಿಯನ್ನೂ ವಿಶ್ವವಿದ್ಯಾಲಯ, ಆಕಾಶವಾಣಿ, ಪರಿಸರವಿಜ್ಞಾನ, ಗ್ರಂಥಪಾಲಕ ಎಂಬ ಪಟ್ಟಿಯನ್ನೂ ಒಮ್ಮೆ ಓದಿ, ಕಣ್ಣು ಮುಚ್ಚಿ ಹೇಳಿ ನೋಡಿ. ವೇಲ್ಸ್ ಭಾಷೆ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರನ್ನು 1980ರಲ್ಲಿ ಪರೀಕ್ಷಿಸಿದಾಗ, ವೇಲ್ಸ್ ಭಾಷೆಯ ಅಂಕಿಗಳು ಕಡಿಮೆ ಸಂಖ್ಯೆಯಲ್ಲಿ ನೆನಪಿನಲ್ಲಿ ನಿಂತವು. ಆ ಭಾಷೆಯಲ್ಲಿ ಅಂಕಿಗಳನ್ನು ಹೇಳಲು ಹೆಚ್ಚು ಸಮಯ ಬೇಕು. ಬಾಯಲ್ಲಿ ಬೇರೇನನ್ನೋ ಒಂದೇ ಸಮನೆ ಹೇಳಿಸುತ್ತಾ ಒಳಗಿನ ಉಚ್ಚಾರವನ್ನು ತಡೆದಾಗ ಎರಡು ಭಾಷೆಗಳ ಅಂತರ ಹೋಯಿತು. ಅಂಕಿಗಳನ್ನು ಒಪ್ಪಿಸುವ ಪರೀಕ್ಷೆಯ ಫಲಿತಾಂಶ ಹಿಡಿದು ಒಂದು ಭಾಷೆಯವರನ್ನು ಇನ್ನೊಂದು ಭಾಷೆಯವರಿಗಿಂತ ಮೇಲೆ ಕೆಳಗೆ ಎನ್ನುವ ಮೊದಲು ಇದನ್ನು ನೆನೆಯಬೇಕು.

ಅಲ್ಪಕಾಲಿಕ ಸ್ಮೃತಿಗೂ ಕಾರ್ಯಕಾರಿ ಸ್ಮೃತಿಗೂ ಏನು ವ್ಯತ್ಯಾಸ?

47ನ್ನು 6ರಿಂದ ಮನಸ್ಸಿನಲ್ಲೇ ಗುಣಿಸಿ. ನಲವತ್ತು ಆರಲೆ ಇನ್ನೂರ ನಲವತ್ತು, ಏಳಾರಲೆ ನಲವತ್ತೆರಡು, ಎರಡನ್ನೂ ಕೂಡಿದರೆ 282. ಇನ್ನೂರ ನಲವತ್ತನ್ನು ಹಾಗೆಯೇ ಇಟ್ಟುಕೊಂಡಿದ್ದು ಅಲ್ಪಕಾಲಿಕ ಸ್ಮೃತಿ. ಅದನ್ನು ಇಟ್ಟುಕೊಂಡೇ ಇನ್ನೊಂದು ಗುಣಾಕಾರ ಮಾಡಿ, ಎರಡನ್ನೂ ಕೂಡಿಸಿ, ಎಲ್ಲಿದ್ದೇನೆ ಎಂಬ ಎಚ್ಚರವನ್ನೂ ಉಳಿಸಿಕೊಂಡ ಒಟ್ಟು ಏರ್ಪಾಡು ಕಾರ್ಯಕಾರಿ ಸ್ಮೃತಿ.

ಈ ಪರಿಕಲ್ಪನೆಯ ಅಗತ್ಯ ಬಿದ್ದದ್ದು ಹಳೆಯ ಮಾದರಿ ಕೆಲವು ಕಡೆ ಸೋತಿದ್ದರಿಂದ. ಟಿಮ್ ಶಾಲಿಸ್ ಮತ್ತು ಎಲಿಜಬೆತ್ ವಾರಿಂಗ್ಟನ್ ಅಧ್ಯಯನ ಮಾಡಿದ ಕೆ.ಎಫ್. ಎಂಬ ರೋಗಿಗೆ ಕಿವಿಯಲ್ಲಿ ಕೇಳಿದ ಎರಡು ಅಂಕಿಗಳನ್ನು ತಕ್ಷಣ ಒಪ್ಪಿಸುವುದೂ ಕಷ್ಟವಾಗಿತ್ತು, ಆದರೂ ಹೊಸದನ್ನು ಕಲಿತು ದೀರ್ಘಕಾಲ ನೆನಪಿಡಬಲ್ಲವರಾಗಿದ್ದರು. ಅಲ್ಪಕಾಲಿಕ ಸ್ಮೃತಿಯೇ ಏಕೈಕ ಬಾಗಿಲಾಗಿದ್ದರೆ ಅವರು ಏನನ್ನೂ ಕಲಿಯಬಾರದಿತ್ತು.

ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಇನ್ನೊಂದು ಬದಿಯಿಂದ ಪ್ರಶ್ನೆ ಎತ್ತಿದರು. ಅಂಕಿಗಳನ್ನು ನೆನಪಿನಲ್ಲಿ ಇಟ್ಟುಕೊಂಡೇ ತರ್ಕದ ಸಣ್ಣ ಸಮಸ್ಯೆಗಳನ್ನು ಬಿಡಿಸಲು ಜನರಿಗೆ ಹೇಳಿದರು. ಸ್ಮೃತಿ ಒಂದೇ ಪೆಟ್ಟಿಗೆಯಾಗಿದ್ದರೆ ಅಂಕಿಗಳಿಂದ ಅದು ತುಂಬಿದಾಗ ತರ್ಕ ನಿಂತುಹೋಗಬೇಕು. ಹಾಗಾಗಲಿಲ್ಲ. ಜನರು ನಿಧಾನವಾದರು, ಆದರೆ ಉತ್ತರಗಳು ಬಹುಪಾಲು ಸರಿಯಾಗಿಯೇ ಇದ್ದವು. 1974ರಲ್ಲಿ ಅವರು ಮಂಡಿಸಿದ ಮಾದರಿಯಲ್ಲಿ ಮಾತಿನ ರೂಪದಲ್ಲಿರುವುದನ್ನು ಸುತ್ತಿಸುತ್ತಾ ಇಟ್ಟುಕೊಳ್ಳುವ ಧ್ವನಿಸುರುಳಿ ಒಂದು, ಆಕಾರ ಮತ್ತು ಸ್ಥಳಗಳನ್ನು ಹಿಡಿದಿಡುವ ದೃಶ್ಯಫಲಕ ಇನ್ನೊಂದು, ಗಮನವನ್ನು ಹಂಚುವ ಕೇಂದ್ರ ನಿರ್ವಾಹಕ ಮೂರನೆಯದು. ಇವುಗಳಿಂದಲೂ ದೀರ್ಘಕಾಲಿಕ ಸ್ಮೃತಿಯಿಂದಲೂ ಬಂದದ್ದನ್ನು ಒಂದೇ ಪ್ರಸಂಗವಾಗಿ ಹೆಣೆಯುವ ಎಪಿಸೋಡಿಕ್ ಬಫರ್ ಎಂಬ ನಾಲ್ಕನೆಯ ಅಂಗವನ್ನು ಬ್ಯಾಡ್ಲಿ 2000ದಲ್ಲಿ ಸೇರಿಸಿದರು.

ಒಪ್ಪಿಕೊಳ್ಳಬೇಕಾದ ಸಂಗತಿಯೆಂದರೆ, ಇವುಗಳಲ್ಲಿ ಕೇಂದ್ರ ನಿರ್ವಾಹಕವೇ ಅತ್ಯಂತ ಮುಖ್ಯ, ಅದರ ವಿವರಣೆಯೇ ಅತ್ಯಂತ ತೆಳು. ಕೊವನ್ ಮೊದಲಾದವರು ಬೇರೆ ಬೇರೆ ಅಂಗಗಳ ಈ ಚಿತ್ರವನ್ನೇ ಬಿಟ್ಟು, ದೀರ್ಘಕಾಲಿಕ ಸ್ಮೃತಿಯಲ್ಲಿ ಎಚ್ಚೆತ್ತಿರುವ ಭಾಗದ ಮೇಲೆ ಬಿದ್ದ ಗಮನವೇ ಕಾರ್ಯಕಾರಿ ಸ್ಮೃತಿ ಎನ್ನುತ್ತಾರೆ.

ಎರಡು ಕೆಲಸಗಳನ್ನು ಒಟ್ಟಿಗೆ ಮಾಡಲು ಸಾಧ್ಯವೇ?

ಅವು ಯಾವ ಕೆಲಸಗಳು ಎಂಬುದರ ಮೇಲೆ ನಿಂತಿದೆ. ಲೀ ಬ್ರೂಕ್ಸ್ ಅವರ 1968ರ ಪ್ರಯೋಗವನ್ನು ನೀವೇ ಮಾಡಿ ನೋಡಬಹುದು. ದಪ್ಪ ಗೆರೆಯ ಇಂಗ್ಲಿಷ್ ಎಫ್ ಅಕ್ಷರವನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಅದರ ಅಂಚಿನಲ್ಲಿ ಒಂದೊಂದೇ ಮೂಲೆ ದಾಟುತ್ತಾ, ಆ ಮೂಲೆ ತುತ್ತತುದಿಯಲ್ಲೋ ಬುಡದಲ್ಲೋ ಇದ್ದರೆ ಹೌದು, ಇಲ್ಲದಿದ್ದರೆ ಇಲ್ಲ ಎನ್ನಿ. ಬಾಯಲ್ಲಿ ಹೇಳಿದರೆ ಸುಲಭ. ಹಾಳೆಯ ಮೇಲೆ ಚೆದುರಿದಂತೆ ಬರೆದ ಹೌದು, ಇಲ್ಲಗಳನ್ನು ಬೆರಳಿನಿಂದ ತೋರಿಸುತ್ತಾ ಹೋದರೆ ಬಹಳ ನಿಧಾನ, ಏಕೆಂದರೆ ಚಿತ್ರವೂ ಹುಡುಕಾಟವೂ ಒಂದೇ ದೃಶ್ಯಫಲಕಕ್ಕೆ ಪೈಪೋಟಿ ನಡೆಸುತ್ತವೆ. ಅಕ್ಷರದ ಬದಲು ಒಂದು ವಾಕ್ಯವನ್ನು ನೆನಪಿನಲ್ಲಿಟ್ಟು ಪ್ರತಿ ಪದವೂ ನಾಮಪದವೇ ಎಂದು ಉತ್ತರಿಸುವಾಗ ಇದು ತಿರುಗುಮುರುಗಾಗುತ್ತದೆ: ತೋರಿಸುವುದು ಸುಲಭ, ಹೇಳುವುದು ಕಷ್ಟ.

ಮಾತುಳ್ಳ ಹಾಡು ಕೇಳುತ್ತಾ ಓದುವುದು ಬಹುಮಂದಿಗೆ ಕಷ್ಟವಾಗುವುದು ಇದೇ ಕಾರಣಕ್ಕೆ.

ಕಾರ್ಯಕಾರಿ ಸ್ಮೃತಿಯನ್ನು ಅಳೆಯುವುದು ಹೇಗೆ?

ಅಂಕಿಗಳನ್ನು ಕೇಳಿದ ಕ್ರಮದಲ್ಲಿ ಒಪ್ಪಿಸುವುದು ಹಿಡಿದಿಡುವ ಶಕ್ತಿಯನ್ನಷ್ಟೇ ಅಳೆಯುತ್ತದೆ. ಹಿಂದುಮುಂದಾಗಿ ಒಪ್ಪಿಸುವುದರಲ್ಲಿ ಕೆಲಸವೂ ಸೇರುತ್ತದೆ. ಮೆರೆಡಿತ್ ಡೇನ್‌ಮನ್ ಮತ್ತು ಪ್ಯಾಟ್ರೀಶಿಯಾ ಕಾರ್ಪೆಂಟರ್ 1980ರಲ್ಲಿ ರೂಪಿಸಿದ ಪರೀಕ್ಷೆಯಲ್ಲಿ ವಾಕ್ಯಗಳನ್ನು ಒಂದೊಂದಾಗಿ ಓದುತ್ತಾ ಪ್ರತಿಯೊಂದರ ಕೊನೆಯ ಪದವನ್ನು ನೆನಪಿಡಬೇಕು. ಓದಿದ್ದನ್ನು ಅರ್ಥಮಾಡಿಕೊಳ್ಳುವ ಸಾಮರ್ಥ್ಯದೊಂದಿಗೆ ಈ ಅಂಕಗಳು ಚೆನ್ನಾಗಿ ಹೊಂದಿಕೆಯಾದವು.

ಮಿದುಳಿನ ಆಟದ ಆಪ್‌ಗಳಿಂದ ಇದನ್ನು ಬೆಳೆಸಬಹುದೇ?

ಆ ಆಟದಲ್ಲಿ ಖಂಡಿತ ಚುರುಕಾಗುತ್ತೀರಿ. ಅದಕ್ಕಿಂತ ದೂರದ ಲಾಭವನ್ನು ನಿರೀಕ್ಷಿಸಬೇಡಿ. ಅಂಥ ತರಬೇತಿಯಿಂದ ಒಟ್ಟಾರೆ ಬುದ್ಧಿಶಕ್ತಿಯೇ ಹೆಚ್ಚುತ್ತದೆ ಎಂಬ 2008ರ ಅಧ್ಯಯನ ದೊಡ್ಡ ಭರವಸೆ ಹುಟ್ಟಿಸಿತ್ತು. ಮೋನಿಕಾ ಮೆಲ್ಬಿ-ಲೆರ್ವೋಗ್ ಮತ್ತು ಚಾರ್ಲ್ಸ್ ಹ್ಯೂಮ್ 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದಾಗ, ತರಬೇತಿ ಕೊಟ್ಟ ಕೆಲಸವನ್ನು ಹೋಲುವ ಕೆಲಸಗಳಲ್ಲಿ ತಾತ್ಕಾಲಿಕ ಸುಧಾರಣೆ ಕಂಡಿತು. ಓದು, ಲೆಕ್ಕ, ತರ್ಕಗಳಿಗೆ ಅದು ಹರಡಿದ ನಂಬಲರ್ಹ ಪುರಾವೆ ಸಿಗಲಿಲ್ಲ.

ಎಸ್.ಎಫ್. ಎಂಬ ವಿದ್ಯಾರ್ಥಿಯ ಕಥೆ ಇಲ್ಲಿ ಕಣ್ತೆರೆಸುವಂಥದ್ದು. 1980ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದೂವರೆ ವರ್ಷಕ್ಕೂ ಹೆಚ್ಚು ಕಾಲದ ಅಭ್ಯಾಸದಿಂದ ಅವರು ಏಳು ಅಂಕಿಗಳಿಂದ 79 ಅಂಕಿಗಳವರೆಗೆ ಏರಿದರು. ಅವರು ಓಟಗಾರ, ಅಂಕಿಗಳನ್ನು ಓಟದ ಸಮಯಗಳಾಗಿ ಮಾರ್ಪಡಿಸಿ ಗುಚ್ಛ ಕಟ್ಟುತ್ತಿದ್ದರು. ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟಾಗ ಮತ್ತೆ ಆರರ ಸುತ್ತಮುತ್ತಲೇ ನಿಂತರು. ನಿಮ್ಮ ಸಮಯವನ್ನು ಆಪ್‌ಗೆ ಕೊಡುವುದಕ್ಕಿಂತ ನೀವು ಕಲಿಯಬೇಕಾದ ವಿಷಯಕ್ಕೇ ಕೊಡಿ. ವಿಷಯ ತಿಳಿದಷ್ಟೂ ಗುಚ್ಛಗಳು ದೊಡ್ಡದಾಗುತ್ತವೆ.

ಇದೆಲ್ಲ ಮಿದುಳಿನಲ್ಲಿ ಎಲ್ಲಿ ನಡೆಯುತ್ತದೆ?

ಯಾವುದೋ ಒಂದೇ ಮೂಲೆಯಲ್ಲಿ ಅಲ್ಲ. ಜೋಕ್ವಿನ್ ಫಸ್ಟರ್ ಮತ್ತು ಗ್ಯಾರೆಟ್ ಅಲೆಕ್ಸಾಂಡರ್ 1971ರಲ್ಲಿ ಕೋತಿಗಳ ಮಿದುಳಿನ ಮುಂಭಾಗದಲ್ಲಿ, ವಸ್ತು ಕಣ್ಮರೆಯಾದ ಮೇಲೂ ಉತ್ತರಿಸುವವರೆಗೆ ಚಟುವಟಿಕೆ ಮುಂದುವರಿಸುವ ನರಕೋಶಗಳನ್ನು ಕಂಡರು. 2009ರ ಸ್ಕ್ಯಾನ್ ಅಧ್ಯಯನಗಳು, ನೆನಪಿನಲ್ಲಿಟ್ಟ ಗೆರೆಗಳ ದಿಕ್ಕಿನ ಮಾಹಿತಿ ದೃಷ್ಟಿಯ ಆರಂಭಿಕ ಪ್ರದೇಶಗಳಲ್ಲೂ ಇರುತ್ತದೆ ಎಂದು ತೋರಿಸಿದವು.

ಮಗು ಹೇಳಿದ ಕೆಲಸವನ್ನು ಅರ್ಧಕ್ಕೇ ಮರೆಯುತ್ತದೆ. ಅಲಕ್ಷ್ಯವೇ?

ಅಲಕ್ಷ್ಯ ಎಂದು ಗದರುವ ಮೊದಲು ದಯವಿಟ್ಟು ಯೋಚಿಸಿ. ಕಾರ್ಯಕಾರಿ ಸ್ಮೃತಿ ಬಾಲ್ಯದುದ್ದಕ್ಕೂ ಬೆಳೆಯುತ್ತಾ ಹದಿಹರೆಯದಲ್ಲಷ್ಟೇ ದೊಡ್ಡವರ ಮಟ್ಟಕ್ಕೆ ಹತ್ತಿರವಾಗುತ್ತದೆ. ‘ಪುಸ್ತಕ ಮುಚ್ಚಿ, ಹಾಳೆ ತೆಗೆದು, ಮೇಲೆ ದಿನಾಂಕ ಬರೆದು, ಮೂರನೇ ಲೆಕ್ಕ ಮಾಡು’ ಎಂಬ ಒಂದೇ ಉಸಿರಿನ ಆದೇಶದಲ್ಲಿ ನಾಲ್ಕು ಸಂಗತಿಗಳಿವೆ. ಮೊದಲನೆಯದನ್ನು ಮಾಡುತ್ತಿರುವಾಗಲೇ ಕೊನೆಯದು ಜಾರಿರುತ್ತದೆ. ಬಿಡಿಸಿ ಹೇಳಿ, ಹಲಗೆಯ ಮೇಲೆ ಬರೆದಿಡಿ. ಹೊಸ ಲೆಕ್ಕ ಕಲಿಸುವಾಗ ಮೊದಲು ಬಿಡಿಸಿದ ಉದಾಹರಣೆಗಳನ್ನು ಕೊಡಿ. ಜಾನ್ ಸ್ವೆಲ್ಲರ್ 1980ರ ದಶಕದಿಂದ ಬೆಳೆಸಿದ ಜ್ಞಾನಾತ್ಮಕ ಹೊರೆಯ ಸಿದ್ಧಾಂತದಿಂದ ಬಂದ ಉಪಯುಕ್ತ ಸಲಹೆಗಳಲ್ಲಿ ಇದೂ ಒಂದು. ಭಯವೂ ಜಾಗ ಕಬಳಿಸುತ್ತದೆ. ಗದರಿಸಿಕೊಂಡ ಮಗುವಿನ ಕಾರ್ಯಕಾರಿ ಸ್ಮೃತಿಯಲ್ಲಿ ಆ ಗದರಿಕೆಯೇ ಸುತ್ತುತ್ತಿರುತ್ತದೆ.

ಪರಿಚಯ ಮಾಡಿಕೊಟ್ಟ ಮರುಕ್ಷಣವೇ ಹೆಸರು ಹಾರಿಹೋಗುವುದೇಕೆ?

ಬಹುಮಟ್ಟಿಗೆ ಅದು ಒಳಗೆ ಬಂದೇ ಇರುವುದಿಲ್ಲ. ಮಾಲ್ಕಂ ಬ್ರೆನ್ನರ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರು ಸುತ್ತಲೂ ಕುಳಿತು ಸರದಿಯಂತೆ ಒಂದೊಂದು ಪದವನ್ನು ಗಟ್ಟಿಯಾಗಿ ಓದಿದರು. ಆಮೇಲೆ ಕೇಳಿದಾಗ, ತಮ್ಮ ಸರದಿಗೆ ಸ್ವಲ್ಪ ಮುಂಚೆ ಓದಿದವರ ಪದಗಳು ಎಲ್ಲರಿಗಿಂತ ಕಡಿಮೆ ನೆನಪಿದ್ದವು. ಪರಿಚಯದ ವೇಳೆಯೂ ಹಾಗೆಯೇ: ಎದುರಿನವರು ಹೆಸರು ಹೇಳುವ ಗಳಿಗೆಯಲ್ಲಿ ನಾವು ನಮ್ಮ ಹೆಸರು ಹೇಳಲು, ಕೈ ಚಾಚಲು ಸಿದ್ಧರಾಗುತ್ತಿರುತ್ತೇವೆ. ಧ್ವನಿ ಒಂದೆರಡು ಸೆಕೆಂಡು ಕಿವಿಯಲ್ಲಿ ಉಳಿದಿರುತ್ತದೆ, ಅಷ್ಟರೊಳಗೆ ಅದರ ಕಡೆ ತಿರುಗಿದರೆ ಸಿಗುತ್ತದೆ.

ಆದ್ದರಿಂದ ಹೆಸರು ಕೇಳಿದ ಕೂಡಲೇ ಅದನ್ನು ಸೇರಿಸಿ ಮಾತನಾಡಿಸಿ. ಸ್ವಲ್ಪ ಹೊತ್ತಿನ ನಂತರ ಮನಸ್ಸಿನಲ್ಲೇ ಒಮ್ಮೆ ನೆನಪಿಸಿಕೊಳ್ಳಿ, ಆಮೇಲೆ ಇನ್ನಷ್ಟು ಬಿಟ್ಟು ಮತ್ತೊಮ್ಮೆ. ಥಾಮಸ್ ಲ್ಯಾಂಡೌರ್ ಮತ್ತು ರಾಬರ್ಟ್ ಬ್ಯೋರ್ಕ್ 1978ರಲ್ಲಿ ಹೆಸರುಗಳನ್ನೇ ಬಳಸಿ, ಹೀಗೆ ಅಂತರ ಹೆಚ್ಚಿಸುತ್ತಾ ನೆನಪಿಸಿಕೊಳ್ಳುವುದರಿಂದ ಲಾಭವಿದೆ ಎಂದು ತೋರಿಸಿದ್ದಾರೆ. ಅಷ್ಟಾದ ಮೇಲೂ ಹೋದರೆ ಸಂಕೋಚವಿಲ್ಲದೆ ಇನ್ನೊಮ್ಮೆ ಕೇಳಿ. ಹೆಚ್ಚಿನ ಸಂದರ್ಭಗಳಲ್ಲಿ ಅವರಿಗೂ ನಿಮ್ಮ ಹೆಸರು ಮತ್ತೆ ಬೇಕಾಗಿರುತ್ತದೆ.